ಮೈಸೂರಿನ ಹಣ, ಮಾಸ್ಕೋದ ಪಿಯಾನೊ

ವರ್ಷ ಮುಗಿಯುವ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಪಟ್ಟಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಹೊರಬಂದ ಸಂಗೀತದ ಆಲ್ಬಮ್ಮುಗಳಲ್ಲಿ ಮೆಚ್ಚತಕ್ಕವು ಯಾವುವು, ಮನೆಯಲ್ಲಿ ಇರಿಸಿಕೊಳ್ಳತಕ್ಕವು ಯಾವುವು ಎಂದು ಬಲ್ಲವರು ತಮ್ಮ ತಮ್ಮ ಅಭಿರುಚಿಗೆ ತಕ್ಕಂತೆ ತೀರ್ಪು ಕೊಟ್ಟಿರುತ್ತಾರೆ. ಓದಿದವರು ಅದನ್ನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೇ ಅದನ್ನು ಓದುವುದು. ಆದರೆ ಆ ‘ಆಲ್ಬಮ್’ ಎಂಬ ಮಾತು ಎಲ್ಲಿಂದ ಬಂದಿತೆಂದು ಕೇಳಿದರೆ ಪಟ್ಟಿ ಬರೆದವರೂ ಸ್ವಲ್ಪ ತಡವರಿಸಿಯಾರು. ಹಾಡು ಕೈಗೆ ಸಿಗದ ಗಾಳಿಯಾಗಿ ಟೆಲಿಫೋನಿನೊಳಗೆ ಇಳಿಯುವ ಈ ಕಾಲದಲ್ಲಿ, ಅದು ಒಂದಾನೊಂದು ಕಾಲಕ್ಕೆ ರಟ್ಟು, ಬಟ್ಟೆ, ಕಾಗದಗಳಿಂದ ಮಾಡಿದ, ಎರಡು ಕೈಯಲ್ಲೂ ಹಿಡಿದು ಎತ್ತಬೇಕಾದ ಭಾರವಾದ ಪುಸ್ತಕವಾಗಿತ್ತೆಂಬುದು ನೆನಪಿಗೆ ಬರುವುದು ಕಷ್ಟ.

ಪುಸ್ತಕವೆಂದೆನಷ್ಟೆ, ನಿಜವಾಗಿ ಪುಸ್ತಕವೇ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ, ಹನ್ನೆರಡಂಗುಲದ ದೊಡ್ಡ ತಟ್ಟೆಯೇ ಆದರೂ, ನಾಲ್ಕು ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಸುತ್ತಿರಲಿಲ್ಲ. ಒಂದು ಜಾವಳಿಗೆ ಅಷ್ಟು ಸಾಕು. ಅರ್ಧ ಗಂಟೆಯ ಕೃತಿಗೆ ಏನು ಮಾಡುವುದು? ಅದನ್ನು ತುಂಡು ತುಂಡಾಗಿ ಕಡಿದು, ನಾಲ್ಕೈದು ತಟ್ಟೆಗಳ ಎರಡೂ ಬದಿಗೆ ಹಂಚಿ, ಆ ತಟ್ಟೆಗಳನ್ನೆಲ್ಲ ಕಾಗದದ ಚೀಲಗಳಿರುವ ಒಂದು ದಪ್ಪ ಹೊದಿಕೆಯಲ್ಲಿ ಹೊಲಿದು ಕಟ್ಟಿ ಮಾರುತ್ತಿದ್ದರು. ಮದುವೆಯ ಫೋಟೊಗಳನ್ನಿಡುವ ಆಲ್ಬಮ್ಮಿನಂತೆಯೇ ಇದ್ದುದರಿಂದ ಅದಕ್ಕೆ ಅದೇ ಹೆಸರಾಯಿತು. ೧೯೦೯ರಲ್ಲಿ ಓಡಿಯನ್ ಕಂಪನಿಯವರು ಚೈಕೋವ್‌ಸ್ಕಿಯ ಒಂದು ನೃತ್ಯಸಂಗೀತವನ್ನು ನಾಲ್ಕು ತಟ್ಟೆಗಳಲ್ಲಿ ಹೀಗೆ ಹೊರತಂದರು. ಕೇಳುವವನು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸಬೇಕು, ಮುಳ್ಳು ಬದಲಾಯಿಸಬೇಕು, ಕೀಲಿ ಕೊಡಬೇಕು. ರಸಾಸ್ವಾದದ ಜೊತೆಗೆ ವ್ಯಾಯಾಮವೂ ಆಗುತ್ತಿತ್ತು.

ಆ ತಟ್ಟೆಯನ್ನು ಮಾಡುತ್ತಿದ್ದುದು ಯಾವುದರಿಂದ? ಅರಗಿನಿಂದ. ಪಾಂಡವರನ್ನು ಸುಡಲು ಮನೆ ಕಟ್ಟಿಸಿದ ಅದೇ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವ ಅದೇ ಅರಗು. ಛೋಟಾನಾಗಪುರದ ಕಾಡುಗಳಲ್ಲಿ ಮುತ್ತುಗದ ಮರಕ್ಕೂ ಎಲಚಿಯ ಮರಕ್ಕೂ ಅಂಟಿಕೊಂಡ ಹುಳುಗಳು ಒಸರಿದ ರಸವನ್ನು ಕೆರೆದು, ಕರಗಿಸಿ, ಹಾಳೆ ಮಾಡಿ ಹಡಗಿಗೇರಿಸುತ್ತಿದ್ದರು. ಅದಕ್ಕೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಕಂಪನಿಗಳು ತಟ್ಟೆ ಒತ್ತುತ್ತಿದ್ದವು. ಪ್ರಪಂಚದ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗು ದುರ್ಲಭವಾದಾಗ ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸದನ್ನು ಒತ್ತಬೇಕಾಗಿ ಬಂದಿತು. ಯೂರೋಪಿನ ಸಂಗೀತ ಅರ್ಧ ಶತಮಾನದ ಕಾಲ ನಮ್ಮ ಕಾಡಿನ ಹುಳುವಿನ ಬೆನ್ನ ಮೇಲೆ ಸವಾರಿ ಮಾಡಿತೆಂದರೆ ಅತಿಶಯೋಕ್ತಿಯಲ್ಲ.

ಮೈಸೂರಿಗೂ ಗ್ರಾಮಫೋನಿಗೂ ಇದ್ದ ನಂಟು ಇನ್ನೂ ಹತ್ತಿರದ್ದು. ೧೯೦೨ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಧ್ವನಿಮುದ್ರಣದ ಯಂತ್ರವನ್ನು ಹೊತ್ತು ಕಲ್ಕತ್ತೆಗೆ ಬಂದನು. ಆಗ ಯಂತ್ರದ ತುತ್ತೂರಿಗೆ ಬಾಯಿಕೊಟ್ಟು ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದವಳು ಗೌಹರ್ ಜಾನ್. ತಟ್ಟೆ ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರನಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ! ಭಾರತದ ಗ್ರಾಮಫೋನಿನ ಮೊದಲ ಮಹಾತಾರೆಯಾದ ಅವಳು ಕೊನೆಗಾಲಕ್ಕೆ, ೧೯೨೮ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿದಳು. ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಗ ಅರಮನೆಯ ಅಂಗಳದಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾದ ಹತ್ತು ವರ್ಷದ ಹುಡುಗನೊಬ್ಬ ಬೆಳೆಯುತ್ತಿದ್ದನು. ನಾನು ಹೇಳಹೊರಟಿರುವ ಕಥೆ ಅವನದು.

೧೯೧೯ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತ ಹೊರಗಿನಿಂದ ಬಂದ ಅಲಂಕಾರವಾಗಿರಲಿಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಅದನ್ನು ತಿದ್ದಿ ತೀಡಲು ಆಟೊ ಷ್ಮಿಟ್ ಎಂಬ ಜರ್ಮನ್ ವಿದ್ವಾಂಸನಿದ್ದನು. ಹುಡುಗ ಪಿಯಾನೊ ಕಲಿತ. ಕಲಿತದ್ದು ಅಷ್ಟಿಷ್ಟಲ್ಲ, ಸಭೆಗಳಲ್ಲಿ ನುಡಿಸುವ ಪಿಯಾನೊವಾದಕನಾಗಬೇಕೆಂಬ ಆಸೆ ಹುಟ್ಟುವಷ್ಟು. ಆದರೆ ೧೯೪೦ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ, ಇಬ್ಬರೂ ತೀರಿಹೋದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನ ಬಂದು ಪಿಯಾನೊದ ಮುಂದಿನ ಪೀಠ ಹೋಯಿತು. ಬೆರಳುಗಳಿಂದ ಸಲ್ಲಬೇಕಾಗಿದ್ದುದು ಅಲ್ಲಿಂದ ಮುಂದೆ ಕಿವಿಯಿಂದಲೂ ಬೊಕ್ಕಸದಿಂದಲೂ ಸಲ್ಲುವಂತಾಯಿತು. ಅವರ ತಟ್ಟೆಗಳ ಸಂಗ್ರಹ ಇಪ್ಪತ್ತು ಸಾವಿರದಷ್ಟಿತ್ತೆಂದು ಅಂದಾಜು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ೧೯೪೫ರಲ್ಲಿ ಅವರನ್ನು ಗೌರವ ಫೆಲೊ ಆಗಿ ಆರಿಸಿತು.

ಈಗ ದೃಶ್ಯವನ್ನು ಲಂಡನ್ನಿಗೆ ಬದಲಾಯಿಸೋಣ. ಆ ಊರಿನ ಉತ್ತರದ ಒಂದು ಬಡಾವಣೆಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಮುದುಕನೊಬ್ಬ ಹೆಂಡತಿ ಆನಾಳೊಡನೆ ವಾಸವಾಗಿದ್ದನು. ೧೮೮೦ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಪಿಯಾನೊ ನುಡಿಸುವುದರಲ್ಲಿ ದಿಗ್ಗಜ, ಅದಕ್ಕಿಂತ ಹೆಚ್ಚಾಗಿ ವಾಗ್ಗೇಯಕಾರರ ಜಾತಿಗೆ ಸೇರಿದವನು. ರಖ್ಮಾನಿನಫ್ ಅವನ ಪ್ರಾಣಸ್ನೇಹಿತ. ತನ್ನ ನಾಲ್ಕನೆಯ ಪಿಯಾನೊ ಕಂಚೆರ್ಟೊವನ್ನು ರಖ್ಮಾನಿನಫ್ ಮೆಟ್ನರನಿಗೆ ಅರ್ಪಿಸಿದರೆ, ಮೆಟ್ನರ್ ತನ್ನ ಎರಡನೆಯದನ್ನು ರಖ್ಮಾನಿನಫನಿಗೆ ಅರ್ಪಿಸಿದ. ಕಂಚೆರ್ಟೊ ಎಂದರೆ ಒಂದು ವಾದ್ಯವೂ ಇಡೀ ವಾದ್ಯಮೇಳವೂ ಎದುರುಬದುರಾಗಿ ಸಂವಾದ ನಡೆಸುವ ದೊಡ್ಡ ಪ್ರಬಂಧ. ಕ್ರಾಂತಿಯ ನಂತರ, ೧೯೨೧ರಲ್ಲಿ, ಮೆಟ್ನರ್ ದೇಶ ಬಿಟ್ಟನು. ಬರ್ಲಿನ್, ಪ್ಯಾರಿಸ್ಸುಗಳಲ್ಲಿ ಅಲೆದು ೧೯೩೫ರಲ್ಲಿ ಇಂಗ್ಲೆಂಡಿಗೆ ಬಂದನು. ಹೋದಲ್ಲೆಲ್ಲ ಅವನಿಗೆ ಒಂದೇ ಕಷ್ಟ: ಕಾಲ ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಎಲ್ಲರೂ ಶ್ರುತಿಯನ್ನೇ ಮುರಿದು ಹೊಸ ಸಂಗೀತ ಕಟ್ಟುತ್ತಿದ್ದಾಗ ಈತ ಹಳೆಯ ಧರ್ಮವೇ ಧರ್ಮವೆಂದು ಕುಳಿತನು. ಕುಳಿತದ್ದಲ್ಲದೆ, ಹೊಸತನದ ಹುಚ್ಚನ್ನು ಬೈದು ಒಂದು ಪುಸ್ತಕವನ್ನೂ ಬರೆದನು. ಅಂಥವನಿಗೆ ಗಿರಾಕಿಗಳು ಎಲ್ಲಿಂದ ಬರಬೇಕು?

ಯುದ್ಧ ಬಂದ ಮೇಲೆ ಇದ್ದ ಅಲ್ಪಸ್ವಲ್ಪ ಆದಾಯವೂ ನಿಂತಿತು. ಅವನ ಪ್ರಕಾಶಕರಿದ್ದುದು ಜರ್ಮನಿಯಲ್ಲಿ. ಅಲ್ಲಿಂದ ಬಿಡಿಗಾಸು ಬರುವಂತಿರಲಿಲ್ಲ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅವನ ಅಭಿಮಾನಿಯಾದ ಎಡ್ನಾ ಐಲ್ಸ್ ಎಂಬ ಪಿಯಾನೊ ವಿದುಷಿ ಗಂಡಹೆಂಡಿರನ್ನು ಹಳ್ಳಿಗೆ ಕರೆದೊಯ್ದು ಇಟ್ಟುಕೊಂಡಳು. ಹೃದಯರೋಗಕ್ಕೆ ಸಿಕ್ಕಿ ಹಾಸಿಗೆ ಹಿಡಿದೆದ್ದ ಮೆಟ್ನರ್ ಅಲ್ಲಿಯೇ ತನ್ನ ಮೂರನೆಯ ಕಂಚೆರ್ಟೊವನ್ನು ಮುಗಿಸಿದ್ದು. ೧೯೪೪ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅದನ್ನು ಅವನೇ ನುಡಿಸಿದನು. ಕೇಳಿದವರು ಕೇಳಿದರು, ಅಲ್ಲಿಗೆ ಮುಗಿಯಿತು.

ಇಂಥ ಮನುಷ್ಯನ ಸಂಗೀತವನ್ನು ಎಲ್ಲಿಯೋ ಕೇಳಿ ಮನಸೋತಿದ್ದ ಮೈಸೂರಿನ ಮಹಾರಾಜರು, ಯುದ್ಧ ಮುಗಿದ ಮೇಲೆ, ಅವನ ಕೃತಿಗಳನ್ನೆಲ್ಲ ಅವನ ಕೈಯಿಂದಲೇ ನುಡಿಸಿ ತಟ್ಟೆ ಮಾಡಿಸತಕ್ಕದ್ದೆಂದೂ ಖರ್ಚು ತಮ್ಮದೆಂದೂ ತಿಳಿಸಿದರು. ಮೆಟ್ನರ್ ಬರೆದ ಸಣ್ಣ ಪಿಯಾನೊ ಕೃತಿಗಳಿಗೆ ಅವನೇ ಇಟ್ಟ ಹೆಸರು ‘ಸ್ಕಾಜ್ಕಿ’, ಅಂದರೆ ಅಜ್ಜಿಕಥೆಗಳು. ಜೀವಮಾನವೆಲ್ಲ ಅಜ್ಜಿಕಥೆಗಳನ್ನು ಕಟ್ಟಿದವನ ಬಾಗಿಲಿಗೆ, ಅರುವತ್ತು ದಾಟಿದ ಮೇಲೆ, ಕಂಡು ಕೇಳದ ದೇಶದ ರಾಜನೊಬ್ಬನ ದೂತ ಬಂದು ನಿಂತಂತಾಯಿತು.

ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ‘ಮೆಟ್ನರ್ ಸೊಸೈಟಿ’ ಏರ್ಪಟ್ಟಿತು. ಈ ಸೊಸೈಟಿ ಎಂಬುದರ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೧೯೩೧ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ಚತುರ ಯುವಕ ಒಂದು ಉಪಾಯ ಹೂಡಿದನು. ಹ್ಯೂಗೊ ವೊಲ್ಫನ ಹಾಡುಗಳಂಥ, ಹೆಚ್ಚು ಜನ ಕೊಳ್ಳದ ಸಂಗೀತವನ್ನು ಮುದ್ರಿಸಿದರೆ ಕಂಪನಿಗೆ ನಷ್ಟ. ಮೊದಲೇ ಐನೂರು ಜನ ಚಂದಾ ಕಟ್ಟಿದರೆ ನಷ್ಟದ ಮಾತಿಲ್ಲ. ಚಂದಾ ಸೇರಿದ ಮೇಲೆಯೇ ಮುದ್ರಣ. ನಮ್ಮಲ್ಲಿ ಹಿಂದೆ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದುದೂ ಹೀಗೆಯೇ ಅಲ್ಲವೆ? ವೊಲ್ಫ್ ಸೊಸೈಟಿ ಗೆದ್ದಿತು. ಬೇತೊವೆನ್ನನ ಸೊನಾಟಗಳಿಗೂ ಒಂದು ಸೊಸೈಟಿ ಆಯಿತು. ಮೆಟ್ನರನ ವಿಷಯದಲ್ಲಾದರೋ ಐನೂರು ಚಂದಾದಾರರ ಬದಲಿಗೆ ಒಬ್ಬನೇ ಚಂದಾದಾರನಿದ್ದನು.

೧೯೪೭ರಲ್ಲಿ ಮೂರೂ ಕಂಚೆರ್ಟೊಗಳ ಮುದ್ರಣವಾಯಿತು. ವಾದ್ಯಮೇಳ, ಲೆಗ್ ಎರಡು ವರ್ಷದ ಕೆಳಗೆ ಕಟ್ಟಿದ್ದ ಫಿಲ್ಹಾರ್ಮೋನಿಯ. ಪಿಯಾನೊ, ಮೆಟ್ನರನದೇ. ಅರುವತ್ತೇಳು ವರ್ಷದ, ಹೃದಯ ದುರ್ಬಲವಾದ ಮನುಷ್ಯ ನಾಲ್ಕು ನಾಲ್ಕು ನಿಮಿಷದ ತುಂಡುಗಳಾಗಿ ತನ್ನ ಜೀವಮಾನವನ್ನು ನುಡಿಸಿದ. ಆಮೇಲೆ ಸೊನಾಟಗಳು, ಅಜ್ಜಿಕಥೆಗಳು, ಹಾಡುಗಳು. ಹಾಡುಗಳನ್ನು ಹಾಡಿದವರಲ್ಲಿ ಓಡಾ ಸ್ಲೊಬೊಡ್‌ಸ್ಕಯಾ ಎಂಬ ರಷ್ಯದ ಗಾಯಕಿಯೂ, ಮುಂದೆ ಜಗದ್ವಿಖ್ಯಾತಳಾದ ಎಲಿಜಬೆತ್ ಷ್ವಾರ್ಟ್ಸ್‌ಕಾಫಳೂ ಇದ್ದರು. ಮೂರು ಸಂಪುಟಗಳು ಹೊರಬಂದವು. ಮೂರನೆಯ ಕಂಚೆರ್ಟೊವನ್ನು ಮೆಟ್ನರ್ ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ೧೯೫೧ರ ನವೆಂಬರಿನಲ್ಲಿ ಅವನು ತೀರಿಕೊಂಡಾಗ ಎಲ್ಲ ಕೃತಿಗಳೂ ತಟ್ಟೆಗೆ ಏರಿರಲಿಲ್ಲವಾದರೂ, ಮುಖ್ಯವಾದವು ಅವನ ಬೆರಳಿನ ಗುರುತಿನೊಡನೆ ಉಳಿದಿದ್ದವು.

ಅಷ್ಟಕ್ಕೇ ನಿಲ್ಲಲಿಲ್ಲ. ಲೆಗ್ ಮೈಸೂರಿಗೂ ಬಂದನು. ಇನ್ನೂ ಮೂವತ್ತು ತುಂಬದ ಮಹಾರಾಜ, ಅರಮನೆಯೊಂದರಲ್ಲಿ ಕೇಳಿದ ತಟ್ಟೆಯೆಲ್ಲ ದೊರೆಯುವ ಭಂಡಾರ, ಸಾಲುಸಾಲಾಗಿ ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳು—ಇವನ್ನೆಲ್ಲ ಕಂಡ ಬೆರಗನ್ನು ಆತ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಅವನು ಹಿಂದಿರುಗುವಾಗ ಫಿಲ್ಹಾರ್ಮೋನಿಯಕ್ಕೆ ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷದ ನೆರವಿನ ಮಾತು ಕೈಗೆ ಬಂದಿತ್ತು. ೧೯೪೮ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು. ಯುದ್ಧಾನಂತರ ಇನ್ನೂ ಬೇರೂರುತ್ತಿದ್ದ ಕರಾಯಾನ್ ಎಂಬ ನಿರ್ದೇಶಕನಿಂದ ೧೯೪೯ರಲ್ಲಿ ಬಲಾಕಿರೆವ್, ರುಸೆಲ್ ಮುಂತಾದವರ ಸಿಂಫೊನಿಗಳು ಮುದ್ರಣವಾದುದರ ಹಿಂದೆಯೂ ಮೈಸೂರಿನ ಹಣವಿತ್ತು. ಗಮನಿಸಬೇಕಾದದ್ದು ಇದು: ಈ ಕೃತಿಗಳು ಆಗಿನ ಪೇಟೆಯಲ್ಲಿ ಮಾರಾಟವಾಗತಕ್ಕವಲ್ಲ. ಬೇತೊವೆನ್ನನಿಗೆ ದುಡ್ಡು ಕೊಡಲು ಬೇಕಾದಷ್ಟು ಮಂದಿ ಇದ್ದರು. ಈತ ಕೊಟ್ಟದ್ದು ಯಾರೂ ಕೇಳದವರಿಗೆ.

ಇನ್ನೊಂದು ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು. ರಿಚರ್ಡ್ ಸ್ಟ್ರಾಸ್ ೧೯೪೯ರ ಸೆಪ್ಟೆಂಬರಿನಲ್ಲಿ ಸಾಯುವಾಗ ವಾದ್ಯಮೇಳದೊಡನೆ ಹಾಡಬೇಕಾದ ನಾಲ್ಕು ಗೀತೆಗಳನ್ನು ಬಿಟ್ಟುಹೋಗಿದ್ದನು. ‘ಕೊನೆಯ ನಾಲ್ಕು ಹಾಡು’ಗಳೆಂದೇ ಅವು ಪ್ರಸಿದ್ಧವಾದವು. ೧೯೫೦ರ ಮೇ ೨೨ರಂದು ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾ ಅವನ್ನು ಮೊದಲ ಬಾರಿಗೆ ಹಾಡಿದಳು. ಮೇಳವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಈ ಕಚೇರಿಗೆ ೪,೮೦೦ ಡಾಲರುಗಳ ಭರವಸೆ ಕೊಟ್ಟಿದ್ದವರು ಜಯಚಾಮರಾಜ ಒಡೆಯರು. ತಾವು ಹೋಗಲಾಗಲಿಲ್ಲ, ಅದನ್ನು ತಟ್ಟೆಗೆ ಹಿಡಿದು ಮೈಸೂರಿಗೆ ಹಡಗಿನಲ್ಲಿ ಕಳಿಸಬೇಕೆಂಬುದೊಂದೇ ಅವರ ಕರಾರು. ಆ ನಾಲ್ಕರಲ್ಲಿ ಮೂರು ಹಾಡುಗಳ ಸಾಹಿತ್ಯ ಹರ್ಮನ್ ಹೆಸ್ಸೆಯದು. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆಯೇ ಮಲಯಾಳಂ ನಿಘಂಟಿನ ಗುಂಡರ್ಟ್, ನಮ್ಮ ಕಿಟ್ಟೆಲರಂತೆಯೇ ಬಾಸೆಲ್ ಮಿಷನ್ನಿನವನು. ದಕ್ಷಿಣ ದೇಶದ ಋಣ ಎಲ್ಲೆಲ್ಲಿ ಸುತ್ತಿ ಎಲ್ಲಿಗೆ ಬರುತ್ತದೆ ನೋಡಿ!

ಇಷ್ಟು ಹೇಳಿ ಮಹಾರಾಜರಿಗೆ ಜಯಕಾರ ಹಾಕಿ ಮುಗಿಸಬಹುದಾಗಿತ್ತು. ಆದರೆ ಮೈಸೂರಿನವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಗಿನ ಲೆಕ್ಕದಲ್ಲಿ ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಕಾಸು. ಹತ್ತು ಸಾವಿರ ಪೌಂಡೆಂದರೆ ಒಂದು ಲಕ್ಷ ಮೂವತ್ತಮೂರು ಸಾವಿರ ರೂಪಾಯಿಗೂ ಮೇಲೆ. ಮೂರು ವರ್ಷಕ್ಕೆ ನಾಲ್ಕು ಲಕ್ಷ. ಕಂಚೆರ್ಟೊಗಳ ಮುದ್ರಣವಾದ ೧೯೪೭ರಲ್ಲಿಯೇ ನಮ್ಮ ಬೀದಿಗಳಲ್ಲಿ ‘ಮೈಸೂರು ಚಲೋ’ ಚಳುವಳಿ. ಅಕ್ಟೋಬರಿನ ಕೊನೆಗೆ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬಂದ ಮೇಲೆಯೇ ಅದು ತಣ್ಣಗಾದದ್ದು. ಜೈಲಿಗೆ ಹೋಗಿ ಬಂದವನೊಬ್ಬನಿಗೆ, ಇದೇ ವರ್ಷ ನಮ್ಮ ಅರಮನೆಯ ಹಣದಿಂದ ಲಂಡನ್ನಿನಲ್ಲಿ ರಷ್ಯದ ಮುದುಕನೊಬ್ಬ ಪಿಯಾನೊ ನುಡಿಸುತ್ತಿದ್ದಾನೆಂದು ಹೇಳಿದ್ದರೆ, ಅವನು ನಗುತ್ತಿದ್ದನೋ ಸಿಟ್ಟಾಗುತ್ತಿದ್ದನೋ!

ನನಗೆ ಅದಕ್ಕಿಂತ ಚುಚ್ಚುವುದು ಬೇರೊಂದು. ವೀಣೆ ವೆಂಕಟಗಿರಿಯಪ್ಪನವರ ಹೆಸರಿನಲ್ಲಿ ಎಲ್ಲಿಯೂ ಒಂದು ಸೊಸೈಟಿ ಹುಟ್ಟಲಿಲ್ಲ. ಮಹಾರಾಜರಿಗೆ ವೀಣೆ ಹೇಳಿಕೊಟ್ಟವರೇ ಅವರು. ಮೆಟ್ನರನ ನಂತರ, ೧೯೫೨ರಲ್ಲಿ, ತೀರಿಕೊಂಡರು. ವೀಣೆ ಶೇಷಣ್ಣನವರು ೧೯೨೬ರಲ್ಲಿಯೇ ಹೋದರು. ಅವರ ಬೆರಳು ತಂತಿಯ ಮೇಲೆ ಏನು ಮಾಡುತ್ತಿತ್ತೆಂಬುದನ್ನು ನಾವು ಬಹುಮಟ್ಟಿಗೆ ತಿಳಿಯುವುದು ಓದಿ. ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಬರೆಯದಿದ್ದರೆ ಅದೂ ಇಷ್ಟಿರುತ್ತಿರಲಿಲ್ಲ. ವಾಕ್ಯ ಎಷ್ಟು ಸೊಗಸಾಗಿದ್ದರೂ ಅದರಿಂದ ಗಮಕ ಕೇಳಿಸುವುದಿಲ್ಲ. ಮೂರು ಸಂಪುಟ ಮೆಟ್ನರನಿಗೆ ಆದಂತೆ ಒಂದೇ ಒಂದು ಸಂಪುಟ ನಮ್ಮ ಆಸ್ಥಾನದ ವೈಣಿಕರದು, ಅದೇ ಶ್ರದ್ಧೆಯಿಂದ, ಅದೇ ಯಂತ್ರಗಳಿಂದ, ಆಗಿದ್ದಿದ್ದರೆ!

ಹೀಗೆಂದು ಮಹಾರಾಜರು ತಮ್ಮ ಮನೆಯ ಸಂಗೀತವನ್ನು ಮರೆತಿದ್ದರೆನ್ನಲು ಬಾಯಿ ಬರುವುದಿಲ್ಲ. ಅವರು ಸಂಸ್ಕೃತದಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ ರಚಿಸಿದ ೯೪ ಕೃತಿಗಳು ಬಹುಮಟ್ಟಿಗೆ ೧೯೪೫ರಿಂದ ೧೯೪೭ರೊಳಗಿನವು. ಅಠಾಣ ರಾಗದ ‘ಶ್ರೀ ಮಹಾಗಣಪತಿಂ ಭಜೇಹಂ’ ಈಗಲೂ ಕಚೇರಿಗಳಲ್ಲಿ ಕೇಳಿಬರುತ್ತದೆ. ವಾಸುದೇವಾಚಾರ್ಯರಂಥ ಹಿರಿಯರು ಹತ್ತಿರವಿದ್ದು ನೆರವಾದ ಕಾಲ ಅದು. ಲಂಡನ್ನಿಗೆ ಹಣ ಹೋಗುತ್ತಿದ್ದಾಗಲೇ ಇಲ್ಲಿ ಕೃತಿಗಳು ಹುಟ್ಟುತ್ತಿದ್ದವು. ಒಂದೇ ಮನಸ್ಸಿನ ಎರಡು ಕೋಣೆಗಳಲ್ಲಿ ಎರಡು ದೀಪ. ತಾನು ಆಗಲಾರದೆ ಹೋದ ಪಿಯಾನೊವಾದಕನನ್ನು ಆತ ಮೆಟ್ನರನಲ್ಲಿ ಸಾಕುತ್ತಿದ್ದರೆಂದೂ, ಆಗಬಲ್ಲ ವಾಗ್ಗೇಯಕಾರನನ್ನು ಚಾಮುಂಡಿಬೆಟ್ಟದ ಕೆಳಗೆ ಬೆಳೆಸಿಕೊಂಡರೆಂದೂ ನನಗೆ ತೋರುತ್ತದೆ. ನಮ್ಮ ವಿದ್ವಾಂಸರು ನಾಳೆಯೂ ಇಲ್ಲಿಯೇ ಇರುತ್ತಾರೆ, ದಿನಾ ಕೇಳಬಹುದು ಎಂಬ ಭಾವನೆ ಅರಮನೆಯಲ್ಲೂ ಇದ್ದಿರಬೇಕು. ಕಣ್ಣೆದುರಿಗಿರುವುದನ್ನು ತಟ್ಟೆಗೆ ಹಿಡಿಯಬೇಕೆಂದು ಯಾರಿಗೆ ತೋಚುತ್ತದೆ? ನಮ್ಮ ತಾತಂದಿರ ದನಿಯನ್ನು ನಾವು ಯಾರೂ ಹಿಡಿದಿಡಲಿಲ್ಲ.

ಮೆಟ್ನರ್ ಸಂಪುಟಗಳಿಗೂ ಅದೃಷ್ಟ ಪೂರಾ ಒಲಿಯಲಿಲ್ಲ. ಅವು ಪೇಟೆಗೆ ಬರುತ್ತಿದ್ದ ಹೊತ್ತಿಗೇ, ೧೯೪೮ರಲ್ಲಿ, ಅಮೆರಿಕದ ಕೊಲಂಬಿಯ ಕಂಪನಿ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ನುಡಿಯುವ ದೀರ್ಘವಾದನದ ತಟ್ಟೆಯನ್ನು ಹೊರತಂದಿತು. ಅರಗು ಹೋಗಿ ಪ್ಲಾಸ್ಟಿಕ್ಕು ಬಂದಿತು. ಹಿಸ್ ಮಾಸ್ಟರ್ಸ್ ವಾಯ್ಸಿನವರು ೧೯೫೨ರ ತನಕ ಹಟ ಹಿಡಿದು ಕುಳಿತು, ಕೊನೆಗೆ ಅವರೂ ಸೋತರು. ಹಳೆಯ ಭಾರದ ಆಲ್ಬಮ್ಮುಗಳು ಅಟ್ಟ ಸೇರಿದವು. ಹೆಸರು ಮಾತ್ರ ಹೊಸ ತಟ್ಟೆಗೆ, ಅಲ್ಲಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಸೀಡಿಗೆ, ಈಗ ಯಾವ ವಸ್ತುವೂ ಇಲ್ಲದುದಕ್ಕೆ ದಾಟಿಕೊಂಡು ಬಂದಿದೆ. ಆನಾ ಮೆಟ್ನರ್ ಗಂಡನ ಹಸ್ತಪ್ರತಿಗಳೊಡನೆ ರಷ್ಯಕ್ಕೆ ಹಿಂದಿರುಗಿದಳು. ದೇಶ ಬಿಟ್ಟವನ ಕೃತಿಗಳನ್ನು ಅದೇ ದೇಶ ೧೯೫೯ರಿಂದ ೧೯೬೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚುಮಾಡಿತು. ಇತ್ತ ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, ರಾಜ್ಯಪಾಲರಾಗಿ, ೧೯೭೪ರ ಸೆಪ್ಟೆಂಬರಿನಲ್ಲಿ ಕಾಲವಾದರು.

ಆ ಮುದ್ರಣಗಳನ್ನು ಇಂಗ್ಲೆಂಡಿನ ಟೆಸ್ಟಮೆಂಟ್ ಕಂಪನಿಯವರು ತಟ್ಟೆಯ ಕರಕರ ಸದ್ದನ್ನು ಆದಷ್ಟು ಒರೆಸಿ ಸೀಡಿಗಳಾಗಿ ಹೊರತಂದಿದ್ದಾರೆ. ಈಗ ಹುಡುಕಿದವರಿಗೆ ಟೆಲಿಫೋನಿನಲ್ಲೂ ಸಿಗುತ್ತವೆ. ಮೈಸೂರಿಗೆ ಅರ್ಪಿತವಾದ ಮೂರನೆಯ ಕಂಚೆರ್ಟೊವನ್ನು ಕೇಳುವವರು ಒಂದು ವಿಷಯವನ್ನು ಗಮನಿಸಬೇಕು. ಅದರ ಮೂರು ಭಾಗಗಳ ನಡುವೆ ನಿಲುಗಡೆಯಿಲ್ಲ. ನದಿಯಂತೆ ಒಂದೇ ಸಮನೆ ಹರಿಯಬೇಕೆಂದು ಮೆಟ್ನರ್ ಬರೆದದ್ದು. ಲೆರ್ಮೊಂಟಫನ ಕವಿತೆಯೊಂದರ ಜಲಕನ್ಯೆ ಅವನ ಮನಸ್ಸಿನಲ್ಲಿದ್ದಳಂತೆ. ಪಿಯಾನೊ ಮೆಲ್ಲಗೆ, ಮಾತಿಗೆ ತೊಡಗುವವರಂತೆ ಹೊರಟು, ಮೇಳದೊಡನೆ ಸೇರಿ ಬಿಟ್ಟು ಸೇರಿ, ಮೂವತ್ತೈದು ನಿಮಿಷದಷ್ಟು ಎಲ್ಲಿಯೂ ದಡ ಹತ್ತದೆ ಸಾಗುತ್ತದೆ. ಆಲ್ಬಮ್ಮನ್ನು ದುಡ್ಡು ಕೊಟ್ಟು ಮಾಡಿಸಿದ ಮಹಾರಾಜರಿಗೆ, ಆ ಅರಗಿನ ತಟ್ಟೆಗಳಲ್ಲಿ, ಅದು ಹಾಗೆ ಕೇಳಿಸಿರಲಾರದು. ನಾಲ್ಕು ನಿಮಿಷಕ್ಕೊಮ್ಮೆ ಯಾರಾದರೂ ಎದ್ದು ತಟ್ಟೆ ತಿರುಗಿಸಲೇಬೇಕಾಗಿತ್ತು.